ಟಿಂಕರ್‌ಕ್ಯಾಡ್, ಓಪನ್‌ಎಸ್‌ಕ್ಯಾಡ್, ಫ್ರೀಕ್ಯಾಡ್, ಇಂಕ್‌ಸ್ಕೇಪ್: ಸಣ್ಣ ವಸ್ತುಗಳಿಗೆ ಯಾವುದು ಒಗ್ಗುತ್ತದೆ?

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಿಗೆ ಮರದ ಪ್ಯಾಟರ್ನ್ (ಎರಕದ ಅಚ್ಚು ಮೂಡಿಸುವ ಮಾದರಿ) ಮಾಡಿಕೊಡುವ ಕುಶಲಕರ್ಮಿಗಳು 100 ಮಿ.ಮೀ. ಭಾಗಕ್ಕೆ 100 ಮಿ.ಮೀ. ಪ್ಯಾಟರ್ನ್ ಮಾಡುವುದಿಲ್ಲ. ಎರಕದ ಕಬ್ಬಿಣ ಆರುವಾಗ ಸುಮಾರು ಶೇ 1ರಷ್ಟು ಕುಗ್ಗುತ್ತದೆ. ಅದನ್ನು ಮೊದಲೇ ಕೂಡಿಸಿ 101 ಮಿ.ಮೀ. ಇಡುತ್ತಾರೆ. ಲೇಸರ್ ಕಟಿಂಗ್ ಮತ್ತು ತ್ರೀಡಿ ಪ್ರಿಂಟಿಂಗ್ ಕಲಿಯುವವರು ಮೊದಲು ಅರಿಯಬೇಕಾದದ್ದೂ ಇದನ್ನೇ. ಲೇಸರ್ ಕಿರಣ ಹಾದುಹೋದಲ್ಲೆಲ್ಲ ಹಲಗೆಯನ್ನು ಒಂದಿಷ್ಟು ಸುಟ್ಟು ತಿನ್ನುತ್ತದೆ. ಪ್ರಿಂಟರಿನಲ್ಲಿ ರಂಧ್ರಗಳು ನಾವು ಬರೆದುದಕ್ಕಿಂತ ಕಿರಿದಾಗಿ ಬರುತ್ತವೆ. ಹಾಗಾಗಿ ಮೊದಲ ತುಂಡು ಕೈಗೆ ಬಂದ ಮೇಲೆ ಅಳತೆ ತಿದ್ದುವುದು ತಪ್ಪಿದ್ದಲ್ಲ. ಒಂದು ಅಳತೆ ತಿದ್ದಿದರೆ ಉಳಿದುದೆಲ್ಲ ತಾನಾಗಿ ಹೊಂದಿಕೊಳ್ಳುತ್ತದೆಯೇ, ಇಲ್ಲವೇ ಇಡೀ ಚಿತ್ರವನ್ನು ಮತ್ತೆ ಬರೆಯಬೇಕೇ? ವಸ್ತುಗಳ ವಿನ್ಯಾಸ ಬರೆಯುವ ಈ ನಾಲ್ಕು ತಂತ್ರಾಂಶಗಳನ್ನು ನಾನು ಪರೀಕ್ಷಿಸಿದ್ದು ಈ ಒಂದು ಪ್ರಶ್ನೆ ಇಟ್ಟುಕೊಂಡು.

ನಾನು ಬೆಳಗಾವಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಶಾಲೆಯ ಅಟಲ್ ಟಿಂಕರಿಂಗ್ ಲ್ಯಾಬಿನಲ್ಲಿ ತ್ರೀಡಿ ಪ್ರಿಂಟರ್ ಇದೆ. ಲೇಸರ್ ಕೆಲಸಕ್ಕೆ ನಾಮಫಲಕ ಮಾಡುವ ಅಂಗಡಿಗೆ ಹೋಗುತ್ತೇವೆ. ಹೋಲಿಕೆಗಾಗಿ ಎಲ್ಲದರಲ್ಲೂ ಒಂದೇ ಬಗೆಯ ವಸ್ತುಗಳನ್ನು ಮಾಡಿ ನೋಡಿದೆ: ಎಲೆಕ್ಟ್ರಾನಿಕ್ ತಂಬೂರಿಯ ಕಳೆದುಹೋದ ನಾಬ್, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಯ ಅರಿಶಿನ ಕುಂಕುಮದ ಪೆಟ್ಟಿಗೆ, ಮತ್ತು ಮನೆಯ ಬಾಗಿಲಿಗೆ ‘ಮಲ್ಲಿಕಾರ್ಜುನ ಪ್ರಸನ್ನ’ ಎಂಬ ಫಲಕ. ಚಿಕ್ಕ ವಸ್ತುಗಳೇ, ಆದರೆ ಒಂದೊಂದೂ ಬೇರೆ ಬೇರೆ ಕಡೆ ಪಟ್ಟು ಹಿಡಿಯುತ್ತದೆ.

ಟಿಂಕರ್‌ಕ್ಯಾಡ್ ಬ್ರೌಸರಿನಲ್ಲೇ ನಡೆಯುತ್ತದೆ, ಉಚಿತ. 2011ರಲ್ಲಿ ಶುರುವಾದದ್ದು, 2013ರಿಂದ ಆಟೊಡೆಸ್ಕ್ ಕಂಪನಿಯದು. ಘನ, ಸಿಲಿಂಡರ್, ಗೋಳಗಳನ್ನು ಎಳೆದು ತಂದು ಕೂಡಿಸುವುದು, ಬೇಡದ ಜಾಗಕ್ಕೆ ‘ಹೋಲ್’ ಆಕಾರ ಇಟ್ಟು ಕಳೆಯುವುದು, ಕೆಲಸವೆಲ್ಲ ಇಷ್ಟೇ. ಶಿಕ್ಷಕರು ತರಗತಿಯ ಕೋಡ್ ಕೊಟ್ಟರೆ ಸಾಕು, ಇಮೇಲ್ ಇಲ್ಲದ ಮಕ್ಕಳೂ ಒಳಗೆ ಬರಬಹುದು. ಆರನೆಯ ತರಗತಿಯ ಮಗು ಒಂದೇ ಪೀರಿಯಡ್ಡಿನಲ್ಲಿ ತನ್ನ ಕೀಚೈನ್ ಮಾಡಿ ಮುಗಿಸುತ್ತದೆ. ಕೂಡಿಸಿದರೆ ಏನಾಗುತ್ತದೆ, ಕಳೆದರೆ ಏನಾಗುತ್ತದೆ ಎಂಬ ಘನಾಕೃತಿಗಳ ಅರಿವು ಇಷ್ಟು ಬೇಗ ಬೇರೆಲ್ಲೂ ಬರುವುದಿಲ್ಲ. ಅದಕ್ಕಾಗಿ ಇದನ್ನು ಮನಸಾರೆ ಮೆಚ್ಚುತ್ತೇನೆ.

ನಾಬಿನ ಹೊತ್ತಿಗೆ ಅದರ ಎಲ್ಲೆ ಕಾಣುತ್ತದೆ. ತಂಬೂರಿ ಪೆಟ್ಟಿಗೆಯ ವಾಲ್ಯೂಮ್ ಕಡ್ಡಿ 6 ಮಿ.ಮೀ. ದಪ್ಪದ್ದು. ಒಂದು ಮಗ್ಗುಲು ಚಪ್ಪಟೆಯಾಗಿದ್ದು ಅಲ್ಲಿ ದಪ್ಪ 4.5 ಮಿ.ಮೀ. ಮಾತ್ರ. ಟಿಂಕರ್‌ಕ್ಯಾಡ್‌ನಲ್ಲಿ ಸಿಲಿಂಡರ್ ನಿಜವಾದ ವೃತ್ತವಲ್ಲ. ಬದಲಿಸದೆ ಬಿಟ್ಟರೆ ಅದು 20 ಬದಿಗಳ ಬಹುಭುಜ. ಎದುರುಬದುರು ಬದಿಗಳ ನಡುವೆ 6 ಮಿ.ಮೀ. ಬದಲು 5.93 ಮಿ.ಮೀ. ಮಾತ್ರ ಉಳಿಯುತ್ತದೆ. ಅದರ ಮೇಲೆ ಪ್ಲಾಸ್ಟಿಕ್ಕಿನ ಉಬ್ಬು ಬೇರೆ. ಬದಿಗಳನ್ನು 64ಕ್ಕೆ ಏರಿಸಿ, ರಂಧ್ರವನ್ನು 6.2 ಮಿ.ಮೀ. ಮಾಡಿದರೆ ನಮ್ಮ ಪ್ರಿಂಟರಿನಲ್ಲಿ ನಾಬ್ ಬಿಗಿಯಾಗಿ ಕೂರುತ್ತದೆ. ಇಷ್ಟು ಮಾಡಬಹುದು. ಆದರೆ ಪೆಟ್ಟಿಗೆಗೆ ಹಲಗೆಯ ದಪ್ಪ ಬದಲಾಯಿತೆಂದರೆ ಹಲಗೆಗಳು ಒಂದಕ್ಕೊಂದು ಕಚ್ಚಿಕೊಳ್ಳುವ ಹಲ್ಲು ಹಲ್ಲನ್ನೂ ಒಂದೊಂದಾಗಿ ಹಿಡಿದು ತಿದ್ದಬೇಕು. ಟಿಂಕರ್‌ಕ್ಯಾಡ್ ಅಲ್ಲಿಗೆ ನಿಲ್ಲುತ್ತದೆ.

ಓಪನ್‌ಎಸ್‌ಕ್ಯಾಡ್‌ನಲ್ಲಿ ಮೌಸ್ ಹಿಡಿದು ಎಳೆಯುವ ಮಾತೇ ಇಲ್ಲ. ಆಕಾರವನ್ನು ಅಕ್ಷರ, ಅಂಕಿಗಳಲ್ಲಿ ಬರೆಯುತ್ತೇವೆ. ಮೊದಲ ಸಾಲುಗಳಲ್ಲಿ ಕಡ್ಡಿಯ ವ್ಯಾಸ, ಗೋಡೆಯ ದಪ್ಪ, ಸಡಿಲಿಕೆ ಎಷ್ಟೆಂದು ಹೇಳಿ, ಕೆಳಗೆ ದೊಡ್ಡ ಸಿಲಿಂಡರಿನಿಂದ ಚಿಕ್ಕದನ್ನು ಕಳೆ ಎಂದು ಬರೆದರೆ ನಾಬ್ ಸಿದ್ಧ. ಎಫ್5 ಒತ್ತಿದರೆ ಮುನ್ನೋಟ, ಎಫ್6 ಒತ್ತಿದರೆ ಪೂರ್ಣ ರೂಪ. ಸಡಿಲಿಕೆ 0.2ರ ಬದಲು 0.3 ಬೇಕೆಂದರೆ ಒಂದು ಅಂಕಿ ಅಳಿಸಿ ಇನ್ನೊಂದು ಬರೆದರೆ ಮುಗಿಯಿತು. ಇಡೀ ವಿನ್ಯಾಸ ಒಂದು ಪುಟದ ಬರಹವಾದ್ದರಿಂದ ಮಕ್ಕಳು ವಾಟ್ಸ್‌ಆ್ಯಪ್‌ನಲ್ಲೇ ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತಾರೆ. ನಮ್ಮ ಹಳೆಯ ಲ್ಯಾಪ್‌ಟಾಪ್‌ಗಳಲ್ಲೂ ಸರಾಗವಾಗಿ ಓಡುತ್ತದೆ, ಇಂಟರ್ನೆಟ್ಟಿನ ಹಂಗಿಲ್ಲ.

ಬಹುಭುಜದ ತೊಡಕು ಇಲ್ಲಿ ಇನ್ನೂ ದೊಡ್ಡದು. ಏನೂ ಹೇಳದೆ 6 ಮಿ.ಮೀ. ವ್ಯಾಸದ ರಂಧ್ರ ಕೇಳಿದರೆ ಓಪನ್‌ಎಸ್‌ಕ್ಯಾಡ್ 10 ಬದಿಗಳ ಆಕೃತಿ ಕೊಡುತ್ತದೆ. ಬದಿಯಿಂದ ಬದಿಗೆ 5.71 ಮಿ.ಮೀ. ಮಾತ್ರ, ಕಡ್ಡಿ ಒಳಹೋಗುವುದೇ ಇಲ್ಲ. ಡಾಲರ್ ಚಿಹ್ನೆಯೊಂದಿಗೆ ಎಫ್‌ಎನ್ ಎಂದು ಬರೆದು 64 ಕೊಟ್ಟರೆ ಸರಿಹೋಗುತ್ತದೆ. ಹತ್ತನೆಯ ತರಗತಿಯವರಿಗೆ ಇದನ್ನೇ ಲೆಕ್ಕವಾಗಿ ಕೊಟ್ಟೆ: ತ್ರಿಜ್ಯ 3, ಬದಿಗಳು 10, ಕೇಂದ್ರದಿಂದ ಬದಿಯ ನಡುವಿಗೆ ಎಷ್ಟು ದೂರ? ಕೊಸೈನ್ 18 ಡಿಗ್ರಿಯ ಬೆಲೆ ಹಾಕಿ 2.85 ಎಂದು ಹೇಳಿದ ಹುಡುಗಿ, ನಾಬ್ ಏಕೆ ಕೂರಲಿಲ್ಲ ಎಂಬುದನ್ನೂ ತಾನೇ ಹೇಳಿದಳು. ತ್ರಿಕೋನಮಿತಿ ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಆದರೆ ಬಳುಕುವ ಗೆರೆ, ನುಣುಪಾದ ಅಂಚುಗಳ ವಿಷಯ ಬಂದರೆ ಓಪನ್‌ಎಸ್‌ಕ್ಯಾಡ್ ಸತಾಯಿಸುತ್ತದೆ. ನಾಬಿನ ಮೇಲಂಚನ್ನು ಬೆರಳಿಗೆ ಹಿತವಾಗುವಂತೆ ದುಂಡಗೆ ಮಾಡುವುದಕ್ಕೇ ಸಾಲುಗಟ್ಟಲೆ ಬರೆಯಬೇಕು. ಫ್ರೀಕ್ಯಾಡ್‌ನಲ್ಲಿ ಅದು ಅಂಚನ್ನು ಆರಿಸಿ ಒಂದು ಗುಂಡಿ ಒತ್ತುವಷ್ಟರ ಕೆಲಸ.

ಫ್ರೀಕ್ಯಾಡ್ 2002ರಿಂದ ಬೆಳೆಯುತ್ತ ಬಂದಿರುವ ಮುಕ್ತ ತಂತ್ರಾಂಶ. ಅದರ 1.0 ಆವೃತ್ತಿ ಬಂದದ್ದು 2024ರ ನವೆಂಬರಿನಲ್ಲಿ. ಹಿಂದಿನ ಆವೃತ್ತಿಗಳಲ್ಲಿ ಆರಂಭದ ಸ್ಕೆಚ್ ತಿದ್ದಿದರೆ ಮುಂದಿನ ರಂಧ್ರ, ಅಂಚುಗಳು ಬೇರೆ ಮುಖಕ್ಕೆ ಹೋಗಿ ಅಂಟಿಕೊಳ್ಳುವ ಕಾಟ ಇತ್ತು. 1.0ರಲ್ಲಿ ಅದು ಬಹುಮಟ್ಟಿಗೆ ತಗ್ಗಿದೆ. ಹಳೆಯ ಅನುಭವದಿಂದ ಇದನ್ನು ದೂರವಿಟ್ಟವರು ಇನ್ನೊಮ್ಮೆ ನೋಡಬೇಕು. ಸ್ಕೆಚ್ ಬರೆಯುವಾಗ ಪ್ರತಿ ಗೆರೆಗೂ ಕಟ್ಟು ಹಾಕುತ್ತ ಹೋಗುತ್ತೇವೆ: ಇದು ಅಡ್ಡ, ಇದು ಲಂಬ, ಇವೆರಡೂ ಸಮ, ಇಲ್ಲಿ 4.5 ಮಿ.ಮೀ. ಎಲ್ಲ ಕಟ್ಟುಗಳೂ ಬಿದ್ದಾಗ ಗೆರೆಗಳು ಹಸಿರಾಗುತ್ತವೆ. ಆ ಹಸಿರಿನವರೆಗೆ ತಾಳ್ಮೆ ಇಟ್ಟವರಿಗೆ ಮುಂದಿನದು ಸಲೀಸು. ಮೊದಲ ದಿನಗಳು ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಯಾವ ವರ್ಕ್‌ಬೆಂಚಿನಲ್ಲಿ (ಉಪಕರಣಗಳ ಗುಂಪಿನಲ್ಲಿ) ಯಾವ ಉಪಕರಣ ಎಂದು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಪಾರ್ಟ್ ಡಿಸೈನ್, ಸ್ಕೆಚರ್, ಸ್ಪ್ರೆಡ್‌ಶೀಟ್ ಈ ಮೂರನ್ನು ಬಿಟ್ಟು ಬೇರೆ ಯಾವುದನ್ನೂ ತೆರೆಯಬೇಡಿ ಎಂದು ಮಕ್ಕಳಿಗೆ ಹೇಳಿದ ಮೇಲೆ ಗೊಂದಲ ಅರ್ಧಕ್ಕಿಳಿಯಿತು.

ಕುಂಕುಮದ ಪೆಟ್ಟಿಗೆ ಫ್ರೀಕ್ಯಾಡ್‌ನ ಬೆಲೆಯನ್ನು ತೋರಿಸಿತು. ಅಂಗಡಿಯಲ್ಲಿ 3 ಮಿ.ಮೀ. ಎಂದು ಕೊಡುವ ಎಂಡಿಎಫ್ ಅಳೆದರೆ ಅಷ್ಟೇ ಇರುವುದು ಅಪರೂಪ. ಬೆಳಗಾವಿಯ ಮಳೆಗಾಲದಲ್ಲಿ ತೇವ ಹೀರಿ ಉಬ್ಬುವುದೂ ಉಂಟು. ಸ್ಪ್ರೆಡ್‌ಶೀಟಿನ ಒಂದು ಕೋಶಕ್ಕೆ ಹೆಸರಿಟ್ಟು ಅಲ್ಲಿ ಹಲಗೆಯ ದಪ್ಪ ಬರೆದಿದ್ದೆ. ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು 2.8 ಎಂದು ತಿದ್ದಿದ ಕೂಡಲೇ ಆರೂ ಹಲಗೆಗಳ ಹಲ್ಲುಗಳು ಹೊಂದಿಕೊಂಡವು. ಇನ್ನು ಕಿರಣ ತಿನ್ನುವ ಪಾಲು. ಕಡಿತದ ಅಗಲ 0.2 ಮಿ.ಮೀ. ಇದ್ದರೆ 10 ಮಿ.ಮೀ. ಹಲ್ಲು 9.8 ಆಗುತ್ತದೆ, ಅದು ಕೂರುವ 10 ಮಿ.ಮೀ. ಸಂದು 10.2 ಆಗುತ್ತದೆ. ಎರಡೂ ಸೇರಿ 0.4 ಮಿ.ಮೀ. ಸಡಿಲ, ಫೆವಿಕಾಲ್ ಇಲ್ಲದೆ ಪೆಟ್ಟಿಗೆ ನಿಲ್ಲುವುದಿಲ್ಲ. ಗೆರೆಗಳನ್ನೆಲ್ಲ 0.1 ಮಿ.ಮೀ. ಹೊರಕ್ಕೆ ಸರಿಸಿದರೆ ಹಲ್ಲುಗಳು ಅಂಗೈ ಒತ್ತಡದಲ್ಲೇ ಕಚ್ಚಿಕೊಳ್ಳುತ್ತವೆ. ಬರೀ ಪೆಟ್ಟಿಗೆ ಸಾಕೆನ್ನುವವರಿಗೆ ಬಾಕ್ಸಸ್ ಡಾಟ್ ಪಿವೈ ಎಂಬ ಉಚಿತ ತಾಣವಿದೆ. ಉದ್ದ, ಅಗಲ, ಎತ್ತರ, ದಪ್ಪ ಕೊಟ್ಟು, ‘ಬರ್ನ್’ ಎಂಬಲ್ಲಿ ಕಡಿತದ ಅರ್ಧದಷ್ಟು ಹಾಕಿದರೆ ಕತ್ತರಿಸಲು ಸಿದ್ಧವಾದ ಚಿತ್ರ ಬರುತ್ತದೆ. ನಾನು ಈಗ ಸಾದಾ ಪೆಟ್ಟಿಗೆಗಳನ್ನು ಅಲ್ಲೇ ಮಾಡುತ್ತೇನೆ.

ಆಟೊಡೆಸ್ಕ್‌ನ ಫ್ಯೂಷನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಕೆಚ್ ಬರೆಯುವ ಸೊಗಸಿನಲ್ಲಿ ಅದು ಫ್ರೀಕ್ಯಾಡ್‌ಗಿಂತ ಮುಂದಿದೆ. ಆದರೆ ಲಿನಕ್ಸಿಗೆ ಇಲ್ಲ, ಖಾತೆ ಬೇಕು, ವೈಯಕ್ತಿಕ ಬಳಕೆಯ ಉಚಿತ ಪರವಾನಗಿಯಲ್ಲಿ ಒಮ್ಮೆಗೆ 10 ಕಡತಗಳನ್ನಷ್ಟೇ ತಿದ್ದಲು ತೆರೆದಿಡಬಹುದು. ಮನೆಯಲ್ಲಿ ಒಳ್ಳೆಯ ಕಂಪ್ಯೂಟರ್ ಇರುವ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಸರಿ, ನಮ್ಮ ಲ್ಯಾಬಿಗೆ ಅಲ್ಲ.

ಫಲಕದ ಮಾತೇ ಬೇರೆ. ಅದು ಕನ್ನಡ ಅಕ್ಷರಗಳ ಪರೀಕ್ಷೆ. ‘ಮಲ್ಲಿಕಾರ್ಜುನ’ ಎಂದು ಬರೆದು ಹಾಗೆಯೇ ಕತ್ತರಿಸಿದರೆ ಲಕಾರದ ಒತ್ತು ಕಳಚಿ ಕೆಳಗೆ ಬೀಳುತ್ತದೆ, ಅರ್ಕಾವತ್ತು ಇನ್ನೊಂದೆಡೆ. ಇಂಗ್ಲಿಷ್ ಅಕ್ಷರಗಳಿಗೆಂದು ಮಾಡಿದ ಪಾಠಗಳಲ್ಲಿ ಈ ಸಮಸ್ಯೆಯ ಸುಳಿವೇ ಇರುವುದಿಲ್ಲ. ಚಪ್ಪಟೆ ಗೆರೆಚಿತ್ರ ಬರೆಯುವ ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಕನ್ನಡ ಒತ್ತಕ್ಷರಗಳೊಂದಿಗೆ ಸರಿಯಾಗಿ ಮೂಡುತ್ತದೆ. ಬರೆದ ಮೇಲೆ ‘ಆಬ್ಜೆಕ್ಟ್ ಟು ಪಾತ್’ ಮಾಡಿ ಅಕ್ಷರವನ್ನು ಗೆರೆಯಾಗಿಸಿ, ಒತ್ತುಗಳನ್ನು ಒಂದಿಷ್ಟು ಮೇಲೆತ್ತಿ ಮೂಲಾಕ್ಷರಕ್ಕೆ ತಾಗಿಸಿ, ಕೆಳಗೆ ತೆಳುವಾದ ಪಟ್ಟಿ ಎಳೆದು, ಕೊನೆಗೆ ಎಲ್ಲವನ್ನೂ ಒಂದೇ ಆಕಾರವಾಗಿ ಬೆಸೆಯುವ ‘ಯೂನಿಯನ್’ ಮಾಡಬೇಕು. ಈ ಕೊನೆಯ ಹೆಜ್ಜೆ ಬಿಟ್ಟರೆ ಗುಣಿತದ ಚಿಹ್ನೆ ಅಕ್ಷರದ ಮೇಲೆ ಹಾದುಹೋದಲ್ಲೆಲ್ಲ ಲೇಸರ್ ಒಳಗೂ ಕೊಯ್ಯುತ್ತದೆ. ಅಕ್ಷರವನ್ನೇ ತೂತಾಗಿ ಕೊರೆಯುವ ಸ್ಟೆನ್ಸಿಲ್ ಆದರೆ ತೊಂದರೆ ತಿರುಗುಮುರುಗು: ‘ಠ’ದ ಸುತ್ತಿನೊಳಗೆ, ಚುಕ್ಕೆಯ ಸುತ್ತ ಉಳಿಯುವ ಹಲಗೆ ಬಿದ್ದುಹೋಗದಂತೆ ಸಣ್ಣ ಸೇತುವೆ ಬೇಕು. ಓಪನ್‌ಎಸ್‌ಕ್ಯಾಡ್ ಕೂಡ ಕನ್ನಡ ಫಾಂಟ್ ಕೊಟ್ಟರೆ ಒತ್ತುಗಳನ್ನು ಕೂಡಿಸಿ ಬರೆಯುತ್ತದೆ, ಆದರೆ ಒಂದು ಒತ್ತನ್ನು ಕಣ್ಣಳತೆಯಲ್ಲಿ ಅರ್ಧ ಮಿಲಿಮೀಟರ್ ಸರಿಸುವ ಸ್ವಾತಂತ್ರ್ಯ ಇಂಕ್‌ಸ್ಕೇಪ್‌ನಲ್ಲೇ ಇರುವುದು. ಇಲ್ಲಿ ನನ್ನ ಆಯ್ಕೆಗೆ ಎರಡು ಮಾತಿಲ್ಲ.

ನಮ್ಮ ಕಡೆಯ ಅಂಗಡಿಗಳಲ್ಲಿ ಕೆಲಸ ನಡೆಯುವುದು ಬಹುಪಾಲು ಕೋರೆಲ್‌ಡ್ರಾ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ. ಅವರ ಬಳಿ ಹಳೆಯ ನುಡಿ ಫಾಂಟುಗಳಿರುತ್ತವೆ, ನಮ್ಮ ಯೂನಿಕೋಡ್ ಅಲ್ಲಿ ಚೆದುರಿಹೋಗಬಹುದು. ಗೆರೆಯಾಗಿಸಿದ ಕಡತ ಕೊಟ್ಟರೆ ಆ ಚಿಂತೆ ಇಲ್ಲ. ಪಿವಿಸಿ ಹಾಳೆಯನ್ನು ಮಾತ್ರ ಲೇಸರಿಗೆ ಒಯ್ಯಬೇಡಿ. ಅದು ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಹೊರಬಂದು ಪುಪ್ಪುಸಕ್ಕೂ ಯಂತ್ರಕ್ಕೂ ಹಾನಿ.

ಈಗ ಶುರುಮಾಡುವವರಿಗೆ ನಾನು ಹೇಳುವ ಕ್ರಮ: ಚಿಕ್ಕ ಮಕ್ಕಳಿಗೆ ಟಿಂಕರ್‌ಕ್ಯಾಡ್, ಗಣಿತ ಇಷ್ಟಪಡುವ ಪ್ರೌಢಶಾಲೆಯವರಿಗೆ ಓಪನ್‌ಎಸ್‌ಕ್ಯಾಡ್, ಕೆಟ್ಟ ಭಾಗಗಳನ್ನು ರಿಪೇರಿ ಮಾಡಬೇಕೆನ್ನುವವರು ನೇರವಾಗಿ ಫ್ರೀಕ್ಯಾಡ್‌ಗೆ ಹೋಗಲಿ, ಲೇಸರ್ ಕೆಲಸ ಏನೇ ಇರಲಿ, ಇಂಕ್‌ಸ್ಕೇಪ್ ಜೊತೆಗಿರಲಿ. ಪ್ರಿಂಟರಿಗೆ ಕಡತ ಕಳಿಸುವಾಗ ಎಸ್‌ಟಿಎಲ್ ಬಗೆಯ ಕಡತದಲ್ಲಿ ಅಳತೆಯ ಮಾನ (ಮಿ.ಮೀ.ಯೋ ಅಂಗುಲವೋ ಎಂಬುದು) ಇರುವುದಿಲ್ಲ ಎಂಬುದು ನೆನಪಿರಲಿ, 3ಎಂಎಫ್ ಬಗೆಯದರಲ್ಲಿ ಇರುತ್ತದೆ. ಇಂಕ್‌ಸ್ಕೇಪ್ ಉಳಿಸುವ ಎಸ್‌ವಿಜಿ ಕಡತದ ತಕರಾರು ಇನ್ನೊಂದು ಬಗೆಯದು: ಇಂಕ್‌ಸ್ಕೇಪ್ ಅಂಗುಲಕ್ಕೆ 96 ಪಿಕ್ಸೆಲ್ ಎಣಿಸುತ್ತದೆ, 72 ಎಂದು ಎಣಿಸುವ ತಂತ್ರಾಂಶದಲ್ಲಿ ತೆರೆದರೆ 100 ಮಿ.ಮೀ. ಗೆರೆ 133.3 ಮಿ.ಮೀ. ಆಗಿಬಿಡುತ್ತದೆ. ಅದಕ್ಕಾಗಿ ಪ್ರತಿ ಚಿತ್ರದ ಮೂಲೆಯಲ್ಲೂ ಸರಿಯಾಗಿ 100 ಮಿ.ಮೀ. ಉದ್ದದ ಒಂದು ಗೆರೆ ಬರೆದಿಡಿ. ಯಂತ್ರ ಶುರುಮಾಡುವ ಮುನ್ನ ಅದೊಂದನ್ನು ಅಳೆದು ನೋಡಿ ಎಂದು ಅಂಗಡಿಯವರಿಗೆ ಹೇಳಿ, ಅಳೆದ ಮೇಲೆ ಅದನ್ನು ಅಳಿಸಿ ಕತ್ತರಿಸಲಿ.