ಹ್ಯಾಲೋವೀನ್ ವೇಷಕ್ಕೆ ಗುಡ್‌ವಿಲ್ಲೋ, ಸ್ಪಿರಿಟ್ ಹ್ಯಾಲೋವೀನೋ?

ಅಮೆರಿಕದಲ್ಲಿ ಅಕ್ಟೋಬರ್ 31ರಂದು ಬಗೆಬಗೆಯ ವೇಷ ತೊಟ್ಟು ಆಚರಿಸುವ ಹ್ಯಾಲೋವೀನ್ ಹಬ್ಬದ ವೇಷಕ್ಕೆ ಇರುವ ದಾರಿಗಳಲ್ಲಿ ಎರಡು ಇವು: ಖಾಲಿ ಬಿದ್ದ ಮಳಿಗೆಗಳಲ್ಲಿ ಹಬ್ಬದ ಕಾಲಕ್ಕಷ್ಟೇ ತೆರೆಯುವ ಸ್ಪಿರಿಟ್ ಹ್ಯಾಲೋವೀನ್, ಮತ್ತು 1902ರಲ್ಲಿ ಬಾಸ್ಟನ್ನಿನಲ್ಲಿ ಆರಂಭವಾದ, ದಾನವಾಗಿ ಬಂದ ವಸ್ತುಗಳನ್ನು ಮಾರಿ ಉದ್ಯೋಗ ತರಬೇತಿಗೆ ಹಣ ಒದಗಿಸುವ ಗುಡ್‌ವಿಲ್. ಮಗು ಇಂಥದ್ದೇ ಸೂಪರ್‌ಹೀರೋ ಆಗಬೇಕೆಂದು ಹಟ ಹಿಡಿದಿದ್ದರೆ, ಅಳತೆಗೆ ತಕ್ಕ ಸಿದ್ಧ ವೇಷ ಸಿಗುವ ಮೊದಲನೆಯದೇ ಸರಿ. ಆದರೆ ಕಡಲ್ಗಳ್ಳ, ಮಾಟಗಾತಿ, ಬೆದರುಬೊಂಬೆಯಂತಹ ವೇಷಗಳಿಗೆ ನಾನು ನಿಸ್ಸಂಕೋಚವಾಗಿ ಗುಡ್‌ವಿಲ್ಲನ್ನೇ ಸೂಚಿಸುತ್ತೇನೆ. ಪೊಟ್ಟಣದಲ್ಲಿ ಬರುವ ವೇಷದ ತೆಳು ಪಾಲಿಯೆಸ್ಟರ್ ಒಂದೇ ಸಂಜೆಗೆ ಹೊಲಿಗೆ ಬಿಡುವುದುಂಟು, ಇಲ್ಲಿ ಸಿಗುವ ಅಸ್ತರು ಹಾಕಿದ ಉಣ್ಣೆಯ ಕೋಟಾದರೋ ಹಬ್ಬ ಮುಗಿದ ಮೇಲೂ ಚಳಿಗಾಲಕ್ಕೆ ಒದಗುತ್ತದೆ. ಅದೇ ಸುತ್ತಿನಲ್ಲಿ ಎರಕದ ಕಬ್ಬಿಣದ ಬಾಣಲೆಯೋ ಮಕ್ಕಳ ಪುಸ್ತಕವೋ ಕಣ್ಣಿಗೆ ಬೀಳಬಹುದು. ಬೇಕಾದ ಅಳತೆ ಸಿಕ್ಕೇ ಸಿಗುತ್ತದೆಂಬ ಖಾತರಿಯಿಲ್ಲದ್ದರಿಂದ ಸೆಪ್ಟೆಂಬರಿನಲ್ಲೇ ಹುಡುಕಾಟ ಆರಂಭಿಸಿ, ಕಂಕುಳಿನ ಹೊಲಿಗೆಯನ್ನೂ ಜಿಪ್ಪನ್ನೂ ಬೆಳಕಿನಲ್ಲಿ ಪರೀಕ್ಷಿಸಿಯೇ ಕೊಳ್ಳಬೇಕು.