ಹೃದಯದಾಕಾರದ ಹೋಯಾ ಕೊಳ್ಳುವ ಮುನ್ನ ಬುಡ ನೋಡಿ

ಫೆಬ್ರವರಿ ಬಂತೆಂದರೆ ಬೆಳಗಾವಿಯ ಗಿಫ್ಟ್ ಅಂಗಡಿಗಳಲ್ಲಿ, ಇನ್‌ಸ್ಟಾಗ್ರಾಮ್‌ನಲ್ಲಿ ಗಿಡ ಮಾರುವವರ ಹತ್ತಿರ ಒಂದು ಪುಟ್ಟ ಕುಂಡ ಕಾಣಿಸುತ್ತದೆ. ಅದರಲ್ಲಿ ಒಂದೇ ಒಂದು ದಪ್ಪ ಹಸಿರು ಎಲೆ, ಥೇಟ್ ಹೃದಯದ ಆಕಾರ. ಇದು ಹೋಯಾ ಕೆರ್ರಿ, ಹೋಯಾ ಎಂಬ ಹೂಬಳ್ಳಿಯ ಒಂದು ಜಾತಿ. ನೋಡಲು ಚೆಂದ, ಸುಳ್ಳಲ್ಲ. ಮೇಜಿನ ಮೇಲೆ ಸುಮ್ನೆ ಇಡಲು ಬೇಕಿದ್ದರೆ ತಗೊಳ್ಳಿ. ಬಳ್ಳಿಯಾಗುತ್ತದೆ, ಹೂ ಬಿಡುತ್ತದೆ ಅಂತ ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ.

ನನಗೆ ಹಾಗೆ ಹೇಳಿಯೇ ಮಾರಿದ್ದು. ಟಿಳಕವಾಡಿ ಕಡೆಯ ಒಂದು ಅಂಗಡಿ, 350 ರೂಪಾಯಿ. "ಮ್ಯಾಡಂ, ವರ್ಷದಾಗ ಗ್ರಿಲ್ ತುಂಬ ಹಬ್ಬತೈತಿ, ಗೊಂಚಲ ಗೊಂಚಲ ಹೂ ಬಿಡತೈತಿ ನೋಡ್ರಿ" ಅಂದ. ಫೋನಿನಲ್ಲಿ ಗುಲಾಬಿ ಬಣ್ಣದ ಹೂಗೊಂಚಲನ್ನೂ ತೋರಿಸಿದ. ಅದು ಹೋಯಾ ಕಾರ್ನೋಸಾ ಅಂತ ಆಮೇಲೆ ತಿಳಿಯಿತು. ಬೇರೆಯೇ ಜಾತಿ, ಅದರ ಎಲೆ ಹೃದಯದ ಆಕಾರದಲ್ಲಿ ಇರುವುದೇ ಇಲ್ಲ.

ವರ್ಷ ಕಳೆಯಿತು, ಮತ್ತೊಂದು ಮಳೆಗಾಲವೂ ಮುಗಿಯಿತು. ಎಲೆ ಒಣಗಲೂ ಇಲ್ಲ, ಬೆಳೆಯಲೂ ಇಲ್ಲ. ಈ ವ್ಯಾಪಾರ ನಡೆಯುವುದೇ ಹೀಗೆ. ದಪ್ಪ ಎಲೆ ಒಳಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ, ತೊಟ್ಟಿನಿಂದ ಬೇರು ಬಿಡುತ್ತದೆ, ವರ್ಷಗಟ್ಟಲೆ ಬದುಕುತ್ತದೆ. ಜಗಳ ಮಾಡೋಣ ಅಂದರೆ ಗಿಡ ಸತ್ತಿಲ್ಲವಲ್ಲ!

ಕೊನೆಗೆ ಕುಂಡ ಬಿಚ್ಚಿದೆವು. ಮೇಲೆ ಬಣ್ಣದ ಕಲ್ಲುಗಳನ್ನು ಅಂಟು ಹಾಕಿ ಕೂರಿಸಿದ್ದರು, ಕಿತ್ತು ತೆಗೆಯಬೇಕಾಯಿತು. ಅಂದಕ್ಕೆ ಅಂದುಕೊಂಡಿದ್ದೆ, ಬುಡ ಮುಚ್ಚಲು ಅಂತ ಈಗ ಅನ್ನಿಸುತ್ತದೆ. ತೊಟ್ಟಿನ ಸುತ್ತ ಬಿಳಿ ಬೇರು ಚೆನ್ನಾಗಿಯೇ ಬಿಟ್ಟಿತ್ತು. ತೊಟ್ಟಿನ ತುದಿಯನ್ನು ಬ್ಲೇಡಿನಲ್ಲಿ ನೇರವಾಗಿ ಕೊಯ್ದ ಗುರುತು. ಬಳ್ಳಿಯ ಚೂರೂ ಇಲ್ಲ, ಗಿಣ್ಣೂ ಇಲ್ಲ. ಗೋಕಾಕದಿಂದ ಬಂದಿದ್ದ ನಮ್ಮ ಕಾಕಾ ಕಬ್ಬು ಬೆಳೆಯುವವರು. ನೋಡಿದವರೇ ನಕ್ಕುಬಿಟ್ಟರು. "ಕಣ್ಣಿಲ್ಲದ ಕಬ್ಬಿನ ತುಂಡ ಹೂಳಿದ್ರ ಏನ್ ಹುಟ್ಟತೈತಿ ಯವ್ವಾ?"

ವಿಷಯ ಅಷ್ಟೇ. ಹೋಯಾದ ಹೊಸ ಚಿಗುರು ಬರುವುದು ಬಳ್ಳಿಯ ಗಿಣ್ಣಿನಿಂದ, ಎಲೆಗಳು ಜೋಡಿಯಾಗಿ ಹುಟ್ಟುವ ಜಾಗದಿಂದ. ಬರೀ ಎಲೆಗೆ ಬೇರು ಬರುತ್ತದೆ, ಬಳ್ಳಿ ಬರುವುದಿಲ್ಲ. ಬಳ್ಳಿಯೇ ಇಲ್ಲದ ಮೇಲೆ ಹೂ ಎಲ್ಲಿಂದ? ಎಲೆಯ ಜೊತೆ ಬಳ್ಳಿಯ ತುಣುಕೊಂದು ಬಂದಿದ್ದರೆ ಚಿಗುರಬಹುದು, ಅದೂ ಬಹಳ ನಿಧಾನ.

ಅಂಗಡಿಗೆ ಹೋಗಿ ಕೇಳಿದರೆ, "ನೀರ ಕಡಿಮಿ ಆಗೇತ್ರಿ, ದಿನಾ ಹಾಕ್ರಿ" ಅಂದ. ಇದನ್ನಂತೂ ಕೇಳಲೇಬೇಡಿ. ಹೋಯಾಗಳಲ್ಲಿ ಬಹುಪಾಲು ಕಾಡಿನಲ್ಲಿ ಮರಗಳ ಮೇಲೆ ಬೆಳೆಯುವಂಥವು, ಬೇರಿಗೆ ಗಾಳಿ ಬೇಕು. ನಮ್ಮ ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಕುಂಡದ ಮಣ್ಣು ಮೊದಲೇ ಬೇಗ ಆರುವುದಿಲ್ಲ. ಅದರ ಮೇಲೆ ದಿನಾ ನೀರು ಬಿದ್ದರೆ ಬೇರು ಕೊಳೆತು ಎಲೆ ಹಳದಿಯಾಗಿ ಹೋಗುತ್ತದೆ. ಹೂ ಉದುರಿದ ಮೇಲೆ ತೊಟ್ಟು ಕತ್ತರಿಸಿ ಅಂತಲೂ ಹೇಳಿದ. ಹೂವೇ ಇಲ್ಲ, ಆದರೂ ಉಪದೇಶ! ಅದೂ ತಪ್ಪೇ. ಹೋಯಾ ಅದೇ ಹಳೇ ತೊಟ್ಟಿನ ತುದಿಯಲ್ಲಿ ಮತ್ತೆ ಮತ್ತೆ ಮೊಗ್ಗು ಬಿಡುತ್ತದೆ.

ಹೂವೇ ಬೇಕಿದ್ದರೆ ಬೇರೂರಿದ, ಎರಡು ಮೂರು ಜೋಡಿ ಎಲೆ ಇರುವ ಬಳ್ಳಿ ಕೊಳ್ಳಿ. ಶುರು ಮಾಡಲು ಕಾರ್ನೋಸಾ ಒಳ್ಳೆಯದು. ತೂತಿರುವ ಸಣ್ಣ ಕುಂಡ, ತೆಂಗಿನ ಸಿಪ್ಪೆಯ ಚೂರು ಮತ್ತು ಪರ್ಲೈಟ್ (ಬಿಳಿಯ ಹಗುರ ಹರಳು) ಬೆರೆಸಿದ ಹಗುರ ಮಿಶ್ರಣ, ಕಿಟಕಿಯ ಪಕ್ಕ ಒಳ್ಳೇ ಬೆಳಕು. ಇಷ್ಟಿದ್ದರೂ ಹೂವಿಗೆ ಸಾಮಾನ್ಯವಾಗಿ ಎರಡು ಮೂರು ವರ್ಷ ಕಾಯಬೇಕು. ವರ್ಷದೊಳಗೆ ಅನ್ನುವವರು ಮಾರುವುದಕ್ಕೆ ಹೇಳುತ್ತಾರೆ, ಅಷ್ಟೇ.

ಅಂಗಡಿಯಲ್ಲಾದರೆ ಮೇಲಿನ ಮಣ್ಣನ್ನು ಬೆರಳಿನಿಂದ ಸರಿಸಿ, ಬುಡದಲ್ಲಿ ಗಿಣ್ಣಿರುವ ಬಳ್ಳಿ ಇದೆಯೇ ನೋಡಿ. ಅಂಗಡಿಯವ ಸರಿಸಬೇಡಿ ಅಂದರೆ ಅಲ್ಲೇ ಬಿಟ್ಟು ಬನ್ನಿ. ಆನ್‌ಲೈನ್ ಆದರೆ ಬುಡದ ಫೋಟೋ ಕೇಳಿ. ಮೇಲಿನಿಂದ ತೆಗೆದ ಫೋಟೋ ಮಾತ್ರ ಕಳಿಸುತ್ತಿದ್ದರೆ ದುಡ್ಡು ಹಾಕಬೇಡಿ.