‘ನೋಂದಣಿ ಪತ್ರ’ ತೋರಿಸಿ ಗಿರ್ ಹಸು ಮಾರುವವರ ಬಗ್ಗೆ ಎಚ್ಚರ

ಗಿರ್, ಸಾಹಿವಾಲ್‌ನಂಥ ದೇಸಿ ತಳಿಯ ಹಸು ತರಬೇಕು ಅಂತ ಓಡಾಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ತಿಪಟೂರು ಕಡೆಯ ನಮ್ಮ ಚಿಕ್ಕಪ್ಪನಿಗೆ ಒಬ್ಬ ವ್ಯಾಪಾರಿ ‘ಸರ್ಟಿಫಿಕೇಟ್ ಇರುವ ಶುದ್ಧ ಗಿರ್’ ಅಂತ ಹಸು ಕೊಟ್ಟು ಲಕ್ಷದ ಮೇಲೆ ದುಡ್ಡು ತೆಗೆದುಕೊಂಡ. ಆ ಹಸು ಶುದ್ಧ ಗಿರ್ ಅಲ್ಲ. ಆ ಪತ್ರಕ್ಕೆ ಮೂರು ಕಾಸಿನ ಬೆಲೆಯೂ ಇಲ್ಲ.

ಪತ್ರ ನೋಡೋಕೆ ಮಾತ್ರ ಭರ್ಜರಿ. ಲ್ಯಾಮಿನೇಷನ್, ಹೊಳೆಯುವ ಸ್ಟಿಕ್ಕರ್, ಹಸುವಿನ ಫೋಟೊ. ‘ರಾಷ್ಟ್ರೀಯ ನೋಂದಣಿ ಸಂಖ್ಯೆ’ ಅಂತ ದಪ್ಪಕ್ಷರ, ಅದರ ಕೆಳಗೆ ‘ಇಂಡಿಯಾ ಕ್ಯಾಟಲ್’ ಅಂತ ಶುರುವಾಗುವ ಉದ್ದದ ನಂಬರ್. ತಾಯಿಯ ಹಾಲು ದಿನಕ್ಕೆ 22 ಲೀಟರ್. ‘ಜೆನೆಟಿಕ್ ವ್ಯಾಲ್ಯೂ: ಎ ಪ್ಲಸ್’. ಪಕ್ಕದ ಊರಿನವರೊಬ್ಬರೂ ಅದೇ ವ್ಯಾಪಾರಿಯಿಂದ ಹಸು ತಂದಿದ್ದರು. ಎರಡೂ ಪತ್ರ ಅಕ್ಕಪಕ್ಕ ಇಟ್ಟು ನೋಡಿದರೆ, ಎರಡರಲ್ಲೂ ಒಂದೇ ನಂಬರ್!

ನಮ್ಮ ಪಶುವೈದ್ಯರು ನೋಡಿದ ತಕ್ಷಣ ವಿಷಯ ಹೇಳಿದರು. ಹರಿಯಾಣದ ಕರ್ನಾಲ್‌ನಲ್ಲಿ ಕೇಂದ್ರ ಸರ್ಕಾರದ ಪಶು ತಳಿ ಸಂಪನ್ಮೂಲಗಳ ಬ್ಯೂರೋ ಇದೆ, ಎನ್‌ಬಿಎಜಿಆರ್ ಅಂತಾರೆ. ಅದು ನೋಂದಣಿ ಮಾಡುವುದು ತಳಿಗಳನ್ನು. ಗಿರ್ ತಳಿಗೆ ಒಂದು ನಂಬರ್, ಹಳ್ಳಿಕಾರ್‌ಗೆ ಒಂದು, ಅಮೃತಮಹಲ್‌ಗೆ ಒಂದು, ಮಲೆನಾಡು ಗಿಡ್ಡಕ್ಕೆ ಒಂದು. ನಿಮ್ಮ ಕೊಟ್ಟಿಗೆಯಲ್ಲಿ ನಿಂತಿರುವ ಹಸುವಿಗೂ ಆ ನಂಬರಿಗೂ ಸಂಬಂಧವೇ ಇಲ್ಲ. ಇಡೀ ತಳಿಯ ನಂಬರನ್ನು ತಂದು ಒಂದು ಹಸುವಿನ ಪತ್ರದ ಮೇಲೆ ಅಂಟಿಸಿದ್ದಾರೆ, ಅಷ್ಟೇ.

ಒಂದೊಂದು ಹಸುವಿಗೂ ಬೇರೆ ಬೇರೆ ಗುರುತು ಅಂದರೆ ಕಿವಿಯ ಹಳದಿ ಓಲೆ. ಅದರಲ್ಲಿ 12 ಅಂಕಿ ಇರುತ್ತದೆ. ಆ ನಂಬರಿನ ಮೇಲೆ ಹಾಕಿಸಿದ ಲಸಿಕೆ, ಗಬ್ಬಕ್ಕೆ ಕೊಡಿಸಿದ ವೀರ್ಯದ ಇಂಜೆಕ್ಷನ್, ಕರು ಹಾಕಿದ್ದು ಎಲ್ಲವನ್ನೂ ‘ಭಾರತ್ ಪಶುಧನ್’ ವ್ಯವಸ್ಥೆಯಲ್ಲಿ ಬರೆದಿಡುತ್ತಾರೆ. ಚಿಕ್ಕಪ್ಪನ ಹಸುವಿನ ಓಲೆ ನಂಬರ್ ಹಾಕಿ ನೋಡಿದಾಗ ಬಂದಿದ್ದು ಬೇರೆ ಜಿಲ್ಲೆಯ ಒಂದು ಜರ್ಸಿ ಕ್ರಾಸ್ ಹಸು. ಮೈ ತೊಳೆಯುವಾಗ ಚಿಕ್ಕಮ್ಮ ಕಿವಿ ಮಡಚಿ ತೋರಿಸಿದರು. ಓಲೆಯ ಪಕ್ಕದಲ್ಲೇ ಇನ್ನೊಂದು ತೂತು ಮಾಯ್ದು ಗಂಟಾಗಿತ್ತು. ಹಳೇ ಓಲೆ ಕತ್ತರಿಸಿ ತೆಗೆದು, ಇನ್ಯಾವುದೋ ಹಸುವಿನದ್ದನ್ನು ಚುಚ್ಚಿದ್ದಾರೆ. ಹಾಗಾಗಿ ದುಡ್ಡು ಕೊಡುವ ಮೊದಲು ಎರಡೂ ಕಿವಿ ಮುಟ್ಟಿ ನೋಡಿ. ಓಲೆ ನಂಬರನ್ನು ಪಶು ಆಸ್ಪತ್ರೆಯಲ್ಲಿ ಹೇಳಿ ವಿಚಾರಿಸಿ. ಓಲೆ ಸರಿಯಿದ್ದರೂ ತಳಿ ಶುದ್ಧ ಅಂತ ಅರ್ಥ ಅಲ್ಲ. ಓಲೆ ಹಾಕುವವರು ಸಾಮಾನ್ಯವಾಗಿ ಕಣ್ಣಿಗೆ ಕಂಡ ತಳಿಯನ್ನೇ ಬರೆದುಕೊಳ್ಳುತ್ತಾರೆ.

ಈ ‘ಜೆನೆಟಿಕ್ ವ್ಯಾಲ್ಯೂ’, ಅಂದರೆ ಕರುವಿಗೆ ದಾಟುವ ಹಾಲಿನ ಗುಣದ ಅಳತೆ, ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಯಾಕಂದ್ರೆ ಮೋಸ ಜಾಸ್ತಿ ನಡೆಯುತ್ತಿರುವುದು ಇಲ್ಲೇ. ತಾಯಿ 22 ಲೀಟರ್ ಕೊಟ್ಟಳು ಅಂತಲೇ ಇಟ್ಟುಕೊಳ್ಳೋಣ. ಮೇವು, ಹಿಂಡಿ, ಕೊಟ್ಟಿಗೆ, ಎಷ್ಟನೇ ಸೂಲು, ಎಲ್ಲ ಸೇರಿ ಆ ಹಾಲು ಬಂದಿರುತ್ತದೆ. ಹಸುವಿನಿಂದ ಹಸುವಿಗೆ ಹಾಲಿನಲ್ಲಿ ಕಾಣುವ ವ್ಯತ್ಯಾಸದಲ್ಲಿ ರಕ್ತದಿಂದ, ಅಂದರೆ ವಂಶದಿಂದ, ಬರುವುದು ಸುಮಾರು ಕಾಲು ಭಾಗ. ಅದರಲ್ಲೂ ಕರುವಿಗೆ ಅರ್ಧ ಗುಣ ತಾಯಿಯಿಂದ, ಇನ್ನರ್ಧ ಹೋರಿಯಿಂದ. ಅದಕ್ಕೇ ನಿಜವಾದ ಮೌಲ್ಯಮಾಪನ ಒಂದು ಹಸುವಿನ ಒಂದು ದಿನದ ಹಾಲು ನೋಡಿ ಆಗುವುದಿಲ್ಲ. ಒಂದು ಹೋರಿಗೆ ಬೇರೆ ಬೇರೆ ಊರುಗಳಲ್ಲಿ ಹುಟ್ಟಿದ ಹೆಣ್ಣು ಕರುಗಳು ದೊಡ್ಡವಾಗಿ, ಕರು ಹಾಕಿ, ಹಾಲು ಕೊಡಬೇಕು. ಒಂದು ಸೂಲಿಗೆ 305 ದಿನದ ಹಾಲು ಅನ್ನೋ ಲೆಕ್ಕದಲ್ಲಿ ಅವುಗಳ ಹಾಲನ್ನು ಬೇರೆ ಹೋರಿಗಳ ಹೆಣ್ಣು ಸಂತಾನದ ಹಾಲಿನ ಜೊತೆ ಹೋಲಿಸಬೇಕು. ಇದಕ್ಕೆ ವರ್ಷಗಟ್ಟಲೆ ಬೇಕು. ಈಗ ಡಿಎನ್‌ಎ ನೋಡಿ ಚಿಕ್ಕ ವಯಸ್ಸಿನಲ್ಲೇ ಅಂದಾಜು ಮಾಡುವ ‘ಗೌ ಚಿಪ್’ ಕೂಡ ಬಂದಿದೆ, 2024ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾಯಿತು. ಆದರೆ ಅದಕ್ಕೂ ಹಿಂದೆ ಸಾವಿರಾರು ಹಸುಗಳ ಹಾಲಿನ ದಾಖಲೆ ಬೇಕೇ ಬೇಕು. ವ್ಯಾಪಾರಿ ತನ್ನ ಅಂಗಳದಲ್ಲಿ ಕೂತು ‘ಎ ಪ್ಲಸ್’ ಅಂತ ಬರೆದರೆ ಆಗುತ್ತಾ?

‘ಎ2 ಟೆಸ್ಟ್ ಆಗಿದೆ’ ಅನ್ನೋ ಮಾತಿಗೂ ಮರುಳಾಗಬೇಡಿ. ಅದು ಹಾಲಿನ ಒಂದು ಪ್ರೋಟೀನಿನ ಪರೀಕ್ಷೆ. ಎಚ್‌ಎಫ್, ಜರ್ಸಿಯಂಥ ವಿದೇಶಿ ತಳಿಗಳಲ್ಲೂ ಎ2 ಹಸುಗಳಿವೆ, ಹಾಗಾಗಿ ಅದರಿಂದ ತಳಿ ಶುದ್ಧ ಅಂತ ಗೊತ್ತಾಗುವುದಿಲ್ಲ.

ಹಾಲಿನ ವಿಷಯದಲ್ಲೂ ಆಟ ನಡೆಯಿತು. ವ್ಯಾಪಾರಿಯ ಮನೆಯಲ್ಲಿ ನೋಡುವಾಗ ಕೆಚ್ಚಲು ಬಿಗಿದು ನಿಂತಿತ್ತು, ಬಕೆಟ್ ತುಂಬ ನೊರೆ ಹಾಲು. ಇಲ್ಲಿಗೆ ಬಂದ ಮೇಲೆ ಎರಡು ಹೊತ್ತು ಸೇರಿಸಿದರೂ ಐದು ಲೀಟರ್ ದಾಟಲಿಲ್ಲ. ಹಿಂದಿನ ಹೊತ್ತು ಕರೆಯದೆ ಬಿಟ್ಟಿದ್ದರು ಅಂತಲೇ ನಮ್ಮ ಅನುಮಾನ. ಬೆಳಗ್ಗೆ, ಸಂಜೆ, ಮತ್ತೆ ಬೆಳಗ್ಗೆ, ಮೂರು ಹೊತ್ತೂ ನಿಮ್ಮೆದುರೇ ಕರೆಸಿ, ನೀವೇ ಅಳೆಯಿರಿ. ‘ಒಂದು ರಾತ್ರಿ ಇಲ್ಲೇ ಇರ್ತೀವಿ’ ಅಂದರೆ ಬೇಡ ಅನ್ನುವವನ ಹತ್ತಿರ ವ್ಯಾಪಾರವೇ ಬೇಡ.

ಒಳ್ಳೆಯ ತಳಿ ಬೇಕು ಅನ್ನುವವರಿಗೆ ಇನ್ನೊಂದು ದಾರಿ ಇದೆ. ಇರುವ ಒಳ್ಳೆಯ ಹಸುವಿಗೇ ಹೆಸರಿರುವ ವೀರ್ಯ ಕೇಂದ್ರದ ಕಡ್ಡಿ (ಹೋರಿಯ ವೀರ್ಯ ತುಂಬಿದ ಸಣ್ಣ ಕೊಳವೆ) ಹಾಕಿಸಿ. ಕಡ್ಡಿಯ ಮೇಲೆ ಹೋರಿಯ ನಂಬರ್, ತಳಿ, ತಯಾರಾದ ದಿನ ಎಲ್ಲ ಅಚ್ಚಾಗಿರುತ್ತದೆ. ಇಂಜೆಕ್ಷನ್ ಆದ ಮೇಲೆ ಖಾಲಿ ಕಡ್ಡಿ ಕೇಳಿ ಇಸಿದುಕೊಳ್ಳಿ. ಆ ನಂಬರ್ ಓಲೆಯ ದಾಖಲೆಗೆ ಏರಿಸಿದ್ದಾರಾ ಅಂತ ಕೇಳಿ. ನಾಳೆ ಕರು ಮಾರುವಾಗ ಅಪ್ಪ ಯಾರು ಅನ್ನೋದಕ್ಕೆ ಅದೇ ಸಾಕ್ಷಿ.

ಈಗಾಗಲೇ ಮೋಸ ಹೋಗಿದ್ದರೆ ನಾಚಿಕೊಂಡು ಸುಮ್ನೆ ಕೂರಬೇಡಿ. ವಿಡಿಯೊ, ಮೆಸೇಜು, ದುಡ್ಡು ಕಳಿಸಿದ ರಸೀದಿ ಏನನ್ನೂ ಅಳಿಸಬೇಡಿ. ಆನ್‌ಲೈನ್ ಮೋಸ ಆಗಿದ್ದರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಪಶುವೈದ್ಯರಿಂದ ಓಲೆ ನಂಬರ್ ಹೊಂದುತ್ತಿಲ್ಲ ಅಂತ ಬರೆಸಿಕೊಂಡು ಠಾಣೆಗೆ ದೂರು ಕೊಡಿ. ಚಿಕ್ಕಪ್ಪನೂ ಪಕ್ಕದ ಊರಿನವರೂ ಸೇರಿ ಕೊಟ್ಟಿದ್ದಾರೆ. ಅಂಥದ್ದೇ ಪತ್ರ ನಿಮ್ಮ ಹತ್ತಿರವೂ ಇದ್ದರೆ, ನಂಬರ್ ಒಂದೇನಾ ಅಂತ ನೋಡಿ ತಿಳಿಸಿ.